ಗೃಹಾರೋಗ್ಯ: ಅಡಿಗೆಮನೆಯ ಹೊಗೆನಳಿಗೆ

ಒಗ್ಗರಣೆಯ ಘಾಟನ್ನು ಹೊರಗಟ್ಟಲೆಂದು ವಿದ್ಯುತ್ ಚಿಮಣಿಯನ್ನು ಕೂಡಿಸಿದ ಗೃಹಸ್ಥರು ಅದರ ಹಿಂದಣ ಕೊಳವೆಯನ್ನು ನೋಡುವುದೇ ಇಲ್ಲ. ಸುಕ್ಕುಸುಕ್ಕಾದ ಕೊಳವೆಯಲ್ಲಿ ಜಿಡ್ಡು ನಿಲ್ಲುವುದು. ಪ್ರತಿಯೊಂದು ತಿರುವಿನಲ್ಲಿಯೂ ಗಾಳಿಯ ವೇಗವು ಕುಗ್ಗುವುದು. 6 ಅಂಗುಲದ ಬಾಯಿಗೆ 4 ಅಂಗುಲದ ಕೊಳವೆಯನ್ನು ಸಿಕ್ಕಿಸುವುದೂ ಉಂಟು! ಕೊಳವೆಯೇ ಇಲ್ಲದ ಬಗೆಯಂತೂ ಇದ್ದಿಲಿನಿಂದ ವಾಸನೆಯನ್ನಷ್ಟು ಹೀರಿ, ನೀರಾವಿಯನ್ನೂ ವಿಷವಾಯುವನ್ನೂ ಕೋಣೆಗೇ ಮರಳಿಸುವುದು. ಅದನ್ನು ಚಿಮಣಿಯೆನ್ನಲು ನಮಗೆ ಮನಸ್ಸಿಲ್ಲ.

ಇನ್ನೊಂದು ಮಾತು ಪ್ರಾಣಕ್ಕೆ ಸಂಬಂಧಿಸಿದುದು. ಹೊರಹೋದಷ್ಟು ಗಾಳಿ ಒಳಗೆ ಬರಲೇಬೇಕಷ್ಟೆ? ಕಿಟಕಿಗಳೆಲ್ಲ ಮುಚ್ಚಿದ್ದರೆ, ಚಿಮಣಿಯ ಸೆಳೆತವು ಗ್ಯಾಸ್ ಗೀಸರಿನ ಹೊಗೆಯನ್ನು ಅದರ ನಳಿಗೆಯಿಂದಲೇ ಹಿಂದಕ್ಕೆಳೆಯಬಲ್ಲುದು. ಆ ಹೊಗೆಯಲ್ಲಿರಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೀಯುವವರು ಅರಿಯುವ ಮೊದಲೇ ಮೂರ್ಛೆಹೋಗುವರು. ಚಿಮಣಿಯನ್ನು ಹಾಕುವಾಗ ಕಿಟಕಿಯೊಂದನ್ನು ತೆರೆದಿಡಿರಿ. ಗೀಸರನ್ನು ಬಚ್ಚಲಿನ ಹೊರಗೆ, ಬಯಲ ಗಾಳಿಯಾಡುವೆಡೆಯಲ್ಲಿ ಹಾಕಿಸಿರಿ.