ರಾಕ್ ಸಂಗೀತ, ಮಲಯಾಳ ಮತ್ತು ನಾವು

ರಾಕ್ ಎಂದಕೂಡಲೆ ನಮ್ಮ ಕನ್ನಡ ಸಂಘದ ಕೆಲವು ಮಿತ್ರರು ಮುಖ ಸಿಂಡರಿಸುತ್ತಾರೆ. ಅದು ಪಾಶ್ಚಾತ್ಯರ ಅಬ್ಬರ, ಗಾಂಜಾ ಸೇದುವವರ ಗದ್ದಲ, ನಮಗೂ ಅದಕ್ಕೂ ಎಂತ ಸಂಬಂಧ ಎಂಬುದು ಅವರ ವಾದ. ಇನ್ನು ಕೆಲವರಿಗೆ ರಾಕ್ ಅಂದರೆ ಇಂಗ್ಲಿಷೇ ಆಗಬೇಕು. ಕನ್ನಡದಲ್ಲಿ ಹಾಡಿದರೆ ಅದು ಆರ್ಕೆಸ್ಟ್ರಾ. ನೋಡಿದರೆ ಇಬ್ಬರೂ ಹೇಳುವುದು ಒಂದೇ ಮಾತು, ಕನ್ನಡಕ್ಕೆ ಅದು ಆಗಿಬರುವುದಿಲ್ಲ ಅಂತ. ಕಾಸರಗೋಡಿನ ನಾವು ಇದನ್ನು ಒಪ್ಪುವ ಮೊದಲು ಸ್ವಲ್ಪ ತೆಂಕಕ್ಕೆ, ಕೊಚ್ಚಿ ಮತ್ತು ತಿರುವನಂತಪುರದ ಕಡೆಗೆ ನೋಡಬೇಕು. ನಮ್ಮಲ್ಲಿ ಅನೇಕರಿಗೆ ತಿರುವನಂತಪುರವೆಂದರೆ 1956ರಿಂದ ಮಲಯಾಳದಲ್ಲಿ ಸುತ್ತೋಲೆ ಕಳಿಸುವ ಊರು, ಅಷ್ಟೆ. ಆ ಊರಿನಿಂದ ಹಾಡೂ ಬಂದದ್ದುಂಟು.

ಮೊದಲು ಕೊಚ್ಚಿ. ಎಪ್ಪತ್ತರ ದಶಕದ ಕೊನೆಗೆ ಅಲ್ಲಿ ‘13 ಎಡಿ’ ಎಂಬ ತಂಡ ಹುಟ್ಟಿತು. ಸೀಲಾರ್ಡ್ ಹೋಟೆಲಿನಲ್ಲಿ ನುಡಿಸುತ್ತಿದ್ದ ಹುಡುಗರು 1990ರಲ್ಲಿ ‘ಗ್ರೌಂಡ್ ಜೀರೋ’ ಎಂಬ ಧ್ವನಿಸುರುಳಿ ತಂದರು. ಆಮೇಲೆ 1996ರಲ್ಲಿ ‘ಮದರ್‌ಜೇನ್’. 2008ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಗಾಡೆತ್ ತಂಡಕ್ಕಿಂತ ಮುಂಚೆ ವೇದಿಕೆ ಹತ್ತಿ ನುಡಿಸಿದವರು ಇವರೇ. ಬೈಜು ಧರ್ಮಜನ್ ಅವರ ಗಿಟಾರಿನಲ್ಲಿ ಕರ್ನಾಟಕ ಸಂಗೀತದ ಗಮಕಗಳು ಸಲೀಸಾಗಿ ಹರಿಯುತ್ತಿದ್ದವು. ಕೈಚಳಕಕ್ಕೆ ನಮಸ್ಕಾರ. ಆದರೆ ಮಾತು ಮಾತ್ರ ಇಂಗ್ಲಿಷಿನದೇ.

ಇಲ್ಲಿ ನನ್ನ ತಕರಾರು ಉಂಟು. 1969ರಲ್ಲಿ ವುಡ್‌ಸ್ಟಾಕಿನ ಹೊಲದಲ್ಲಿ ನೆರೆದ ಅಮೆರಿಕದ ಹುಡುಗರು ತಮ್ಮದೇ ಸರಕಾರದ ವಿಯಟ್ನಾಂ ಯುದ್ಧಕ್ಕೆ ರೋಸಿಹೋಗಿದ್ದರು. ಜಿಮಿ ಹೆಂಡ್ರಿಕ್ಸ್ ಅಲ್ಲಿ ತಮ್ಮ ರಾಷ್ಟ್ರಗೀತೆಯನ್ನೇ ಗಿಟಾರಿನಲ್ಲಿ ಚೀರಿಸಿದ. ಅದು ಮನೆಯವರ ಜತೆ ಮನೆಯೊಳಗಿನ ಜಗಳ, ಆದ್ದರಿಂದಲೇ ನಾಟಿತು. ಅಪ್ಪನಿಗೆ ತಿಳಿಯದ ಭಾಷೆಯಲ್ಲಿ ಅಪ್ಪನ ವಿರುದ್ಧ ಕೂಗಿದರೆ ಅಪ್ಪ ಸುಖವಾಗಿ ನಿದ್ದೆ ಮಾಡುತ್ತಾನೆ, ಮಾರಾಯರೇ! ಪ್ರತಿಸಂಸ್ಕೃತಿ ಎಂದು ಹೇಳಿಕೊಂಡು ಇನ್ನೊಬ್ಬರ ಸಂಸ್ಕೃತಿಯನ್ನು ನಕಲು ಮಾಡುವುದು ವಿಧೇಯತೆಯೇ ಹೊರತು ಬಂಡಾಯ ಅಲ್ಲ.

2003ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದ ‘ಅವಿಯಲ್’ ಈ ಕಟ್ಟನ್ನು ಬಿಡಿಸಿತು. ಹೆಸರೇ ಊಟದೆಲೆಯಿಂದ ಎತ್ತಿಕೊಂಡದ್ದು. 2008ರ ಅವರ ಧ್ವನಿಮುದ್ರಿಕೆಯಲ್ಲಿ ಹಾಡುಗಳೆಲ್ಲ ಮಲಯಾಳದವು. ‘ನಡ ನಡ’ ಅಂದರೆ ನಮಗೆ ಅರ್ಥ ಹೇಳಿಕೊಡಬೇಕೆ? ‘ಏತ್ತಂ ಪಾಟ್ಟ್’ ಎಂದರೆ ನಮ್ಮ ಏತದ ಹಾಡೇ. ಗದ್ದೆಗೆ ನೀರೆತ್ತುವವನ ದಮ್ಮಿನ ಲಯ ಅಲ್ಲಿ ಡ್ರಮ್ಮಿನ ಮೇಲೆ ಕೂತಿದೆ. ‘ಆಡು ಪಾಂಬೇ’ ಶ್ರೀ ನಾರಾಯಣ ಗುರುಗಳ ರಚನೆ. 1888ರಲ್ಲಿ ಅರುವಿಪ್ಪುರದಲ್ಲಿ ಯಾರನ್ನೂ ಕೇಳದೆ ಶಿವಲಿಂಗ ಪ್ರತಿಷ್ಠೆ ಮಾಡಿದ ಆ ಈಳವ ಸನ್ಯಾಸಿಗಿಂತ ದೊಡ್ಡ ಪ್ರತಿಸಂಸ್ಕೃತಿಯವನನ್ನು ಯಾವ ಹಿಪ್ಪಿ ತೋರಿಸಿಯಾನು? ರೆಕ್ಸ್ ವಿಜಯನ್ ಅವರ ಗಿಟಾರು ಒಂದು ಕಡೆ ಗುಡುಗುತ್ತಿರುವಾಗ ಟೋನಿ ಜಾನ್ ಒಂದು ಕೈ ತಿರುಗುವ ಗ್ರಾಮಫೋನ್ ತಟ್ಟೆಯ ಮೇಲಿಟ್ಟು ಕರಕರ ಅನಿಸುತ್ತ ಹಾಡುವುದನ್ನು ಕೇಳಬೇಕು. ಧ್ವನಿಮುದ್ರಿಕೆಯಲ್ಲಿ ಅಚ್ಚುಕಟ್ಟಾಗಿರುವುದು ವೇದಿಕೆಯಲ್ಲಿ ಒರಟಾಗುತ್ತದೆ. ಆ ಒರಟುತನ ಆ ಹಾಡುಗಳ ಮೂಲದಲ್ಲೇ ಇದ್ದದ್ದು.

ಏತ ಮುಟ್ಟದ ಪೇಟೆ ಹುಡುಗರು ಏತದ ಹಾಡು ಹಾಡುವುದು ವೇಷ ಅಲ್ವೇ ಎಂದು ಕೇಳುವವರಿದ್ದಾರೆ. ಅರ್ಧ ನಿಜ. 2022ರ ನವೆಂಬರಿನಲ್ಲಿ ಕೋವಳದ ಹತ್ತಿರ ವೆಳ್ಳಾರಿನ ಕರಕುಶಲ ಗ್ರಾಮದಲ್ಲಿ, ಸ್ವಂತ ಹಾಡು ಕಟ್ಟುವ ತಂಡಗಳಿಗೆಂದೇ ಅಂತರರಾಷ್ಟ್ರೀಯ ಉತ್ಸವ ನಡೆಯಿತು. ಜಾಗ ಯಾರದು? ಪ್ರವಾಸೋದ್ಯಮ ಇಲಾಖೆಯದು! ಬಂಡಾಯಕ್ಕೆ ಸರಕಾರವೇ ಚಪ್ಪರ ಹಾಕಿಕೊಟ್ಟರೆ ನಗು ಬರುತ್ತದೆ. ಆದರೂ ಸ್ವಂತ ಹಾಡು ಎಂಬ ಷರತ್ತು ಸಣ್ಣದಲ್ಲ. ನಮ್ಮ ಕಾಲೇಜು ಉತ್ಸವಗಳಲ್ಲಿ ಆ ಷರತ್ತು ಹಾಕಿದರೆ ಎಷ್ಟು ತಂಡಗಳು ಉಳಿದಾವು?

ಕನ್ನಡದಲ್ಲಿ ಇಲ್ಲವೆಂದಲ್ಲ. ಅದೇ 2008ರಲ್ಲಿ ರಘು ದೀಕ್ಷಿತರ ಮೊದಲ ಸಂಕಲನ ಬಂತು. 2011ರಲ್ಲಿ ಅವರು ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯಲ್ಲಿ ಹಾಡಿದರು. 1970ರಲ್ಲಿ ಒಬ್ಬ ಹೈನುಗಾರ ತನ್ನ ಹೊಲದಲ್ಲಿ ಒಂದು ಪೌಂಡಿನ ಟಿಕೇಟಿಗೆ ಹಾಲನ್ನೂ ಪುಕ್ಕಟೆ ಕೊಟ್ಟು ಶುರುಮಾಡಿದ ಉತ್ಸವ ಅದು. ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಕೂರಿಸಿದವರು ಇವರು. ಸಂತೋಷವೇ. ಆದರೆ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಹೆಗಲ ಮೇಲೆ ಎಷ್ಟು ದಿನ ಕೂರುವುದು? 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬೀದಿಗಿಳಿದು ತಮಟೆಯ ಜತೆ ಊರೂರು ಸುತ್ತಿತು. ಕರೆಂಟಿಲ್ಲದ ರಾಕ್ ಎಂದು ಅದನ್ನು ಕರೆದರೆ ವಿಮರ್ಶಕರು ನನ್ನನ್ನು ಹೊಡೆಯಬಹುದು, ಆದರೂ ಕರೆಯುತ್ತೇನೆ.

ನಮ್ಮ ಕಥೆಗೆ ಬನ್ನಿ. ಪಾರ್ತಿಸುಬ್ಬನ ಕುಂಬಳೆ ನಮ್ಮದು, ಇಡೀ ರಾತ್ರಿ ಚೆಂಡೆ ಕೇಳಿ ಬೆಳೆದವರು ನಾವು. ಹಾಗೆಂದು ಗಿಟಾರಿನ ಪಕ್ಕ ಒಂದು ಚೆಂಡೆ ತಂದಿಟ್ಟರೆ ಸಾಲದು, ಅದು ಜಾತ್ರೆಯ ತೋರಣ. ಮಾತು ಬೇಕು. ಎಣ್ಮಕಜೆಯ ಪಡ್ರೆಯಲ್ಲಿ, ಗೇರುತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದರ ಫಲವನ್ನು ಮಕ್ಕಳು ಉಂಡರು. ‘ಎಣ್ಮಕಜೆ’ ಎಂಬ ಹೆಸರಿನಲ್ಲೇ 2009ರಲ್ಲಿ ಅಂಬಿಕಾಸುತನ್ ಮಾಂಙಾಡ್ ಮಲಯಾಳದಲ್ಲಿ ಕಾದಂಬರಿ ಬರೆದರು. ಮಲಯಾಳ ನಮ್ಮ ಮೇಲೆ ಬಂದು ಕೂತಿದೆ ಎಂದು ನಾವು ಗೊಣಗುವುದರಲ್ಲಿ ಹುರುಳುಂಟು, ಆದರೆ ನಮ್ಮ ಊರಿನ ಸಂಕಟಕ್ಕೆ ನಮ್ಮ ಗಿಟಾರು ಯಾಕೆ ಇಂಗ್ಲಿಷಿನ ಪ್ರೇಮಗೀತೆ ನುಡಿಸುತ್ತ ಕೂತಿದೆ? ಇದಕ್ಕೆ ತಿರುವನಂತಪುರದಿಂದ ಯಾವ ಆದೇಶವೂ ಬಂದಿಲ್ಲ.

ಸಂಘದ ಈ ಸಲದ ವಾರ್ಷಿಕೋತ್ಸವದಲ್ಲಿ ಭಾಷಣಗಳನ್ನು ಒಂದು ಗಂಟೆ ಕಡಿಮೆ ಮಾಡಿ ಆ ಹೊತ್ತನ್ನು ಹಾಡಿಗೆ ಕೊಡಬೇಕೆಂದು ನನ್ನ ಸೂಚನೆ. ಹಾಡು ಕನ್ನಡದ್ದಾಗಬೇಕು, ಹಾಡುವವರೇ ಬರೆದದ್ದಾಗಬೇಕು, ಕೆಟ್ಟದಾಗಿದ್ದರೂ ಅಡ್ಡಿಯಿಲ್ಲ. ಪದ್ಯ ಬರೆಯುವವರು ಹಾಸ್ಟೆಲಿನ ಗಿಟಾರಿನವರನ್ನು ಈ ವಾರವೇ ಮಾತಾಡಿಸಲಿ. ಮೈಕ್‌ಸೆಟ್ಟಿನವರಿಗೆ ಕಾರ್ಯದರ್ಶಿಗಳು ಮೊದಲೇ ಹೇಳಿಡುವುದು ಒಳ್ಳೆಯದು. ಭಾಷಣದ ಮೈಕು ಇದಕ್ಕೆ ಸಾಕಾಗಲಿಕ್ಕಿಲ್ಲ.