ಸೀರೆ ಮಳಿಗೆಯಲ್ಲಿ ಒಂದು ಸ್ಟೂಲು

ಮದುವೆ ಜವಳಿ ತೆಗೆಯಲು ದೊಡ್ಡ ಮಳಿಗೆ ಹೊಕ್ಕರೆ ಅರ್ಧ ದಿನ ಅಲ್ಲೇ. ನಮಗೆ ಮೆತ್ತನೆಯ ಕುರ್ಚಿ, ತಣ್ಣನೆಯ ನೀರು, ವ್ಯಾಪಾರ ದೊಡ್ಡದಾದರೆ ಬಾದಾಮಿ ಹಾಲು. ಕೌಂಟರಿನ ಆಚೆ ನಿಂತ ಹುಡುಗಿ ಒಂದಾದ ಮೇಲೊಂದು ಸೀರೆ ಬಿಡಿಸುತ್ತಾಳೆ, ಸೆರಗನ್ನು ತನ್ನ ಹೆಗಲ ಮೇಲೆ ಹಾಕಿ ತೋರಿಸುತ್ತಾಳೆ. ‘ಇದೇ ಬಾರ್ಡರಲ್ಲಿ ಬೇರೆ ಬಣ್ಣ ಇದ್ಯಾ?’ ಎಂದರೆ ಏಣಿ ಹತ್ತಿ ಇನ್ನೊಂದು ಕಟ್ಟು ಇಳಿಸುತ್ತಾಳೆ. ಕೊನೆಗೆ ನಾವು ಯಾವುದೂ ಹಿಡಿಸಲಿಲ್ಲವೆಂದು ಪಕ್ಕದ ಅಂಗಡಿಗೆ ನಡೆಯುತ್ತೇವೆ. ಆ ರಾಶಿಯನ್ನೆಲ್ಲ ಆಕೆ ನಿಂತೇ ಮಡಿಸುತ್ತಾಳೆ. ಅದು ಕೆಲಸ, ಸರಿ. ಆದರೆ ಗಿರಾಕಿಯೇ ಇಲ್ಲದ ಮಟಮಟ ಮಧ್ಯಾಹ್ನದಲ್ಲೂ ಆಕೆ ನಿಂತೇ ಇರುತ್ತಾಳಲ್ಲ, ಅದು ಯಾವ ಕೆಲಸ?

ಕೇರಳದ ಜವಳಿ ಮಳಿಗೆಗಳ ಹೆಣ್ಣುಮಕ್ಕಳು ಈ ಪ್ರಶ್ನೆಯನ್ನು ಬೀದಿಗೆ ತಂದರು. ಕಲ್ಲಿಕೋಟೆಯ ಮಿಠಾಯಿ ತೆರುವಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಎಂಬುವರು ‘ಪೆಣ್‌ಕೂಟ್ಟು’ ಎಂಬ ಸಂಘಟನೆ ಕಟ್ಟಿದರು. ಮೊದಲ ಜಗಳ ಶೌಚಾಲಯಕ್ಕಾಗಿ. ಹೋಗಲು ಜಾಗವಿಲ್ಲದ ಕಾರಣ ಅಲ್ಲಿನ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಆಮೇಲೆ ಬಂದದ್ದು ಕೂರುವ ಹಕ್ಕು. 2014ರ ಕೊನೆಗೆ ತ್ರಿಶೂರಿನ ಜವಳಿ ಮಳಿಗೆಯೊಂದರ ಮುಂದೆ ಮಾರಾಟದ ಹೆಣ್ಣುಮಕ್ಕಳು ಧರಣಿ ಕೂತರು. ಕೂರಲು ಬಿಡಿ ಎಂದು ಕೇಳಲು ರಸ್ತೆಯಲ್ಲಿ ಕೂರಬೇಕಾಯಿತು. ಆ ಧರಣಿ ನೂರು ದಿನ ದಾಟಿತು. 2018ರಲ್ಲಿ ಕೇರಳ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ಸಿಬ್ಬಂದಿಗೆ ಆಸನ ಕೊಡುವುದನ್ನು ಕಡ್ಡಾಯ ಮಾಡಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು.

ಹಾಗೆಂದು ಇದೇನೂ ಹೊಸ ಆಲೋಚನೆಯಲ್ಲ. ನಿಂತು ದುಡಿಯುವವರಿಗೆ, ಸಂದರ್ಭ ಸಿಕ್ಕಾಗ ಕೂರಲು ಅನುಕೂಲ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ನಿನಲ್ಲೇ ಬರೆದಿತ್ತು. ಅಂದರೆ, ಬಟ್ಟೆ ತಯಾರಾಗುವ ಕಡೆ 1948ರಲ್ಲೇ ಒಪ್ಪಿಕೊಂಡದ್ದನ್ನು ಬಟ್ಟೆ ಮಾರುವ ಕಡೆ ಒಪ್ಪಿಕೊಳ್ಳಲು ಏಳು ದಶಕ ಬೇಕಾಯಿತು, ಅದೂ ಒಂದೊಂದೇ ರಾಜ್ಯದಲ್ಲಿ.

ನಿಂತೇ ಇದ್ದರೆ ಆಗುವುದೇನು ಎಂಬುದಕ್ಕೆ ದೊಡ್ಡ ವೈದ್ಯಶಾಸ್ತ್ರ ಬೇಡ. ಕಾಲಿನ ರಕ್ತ ಮೇಲಕ್ಕೇರಲು ಮೀನಖಂಡದ ಚಲನೆ ಬೇಕು. ನಿಂತಲ್ಲೇ ನಿಂತರೆ ರಕ್ತ ಕೆಳಗೇ ತಂಗುತ್ತದೆ, ಪಾದ ಊದುತ್ತದೆ, ವರ್ಷಗಳು ಕಳೆದಂತೆ ನರ ಉಬ್ಬಿ ಹುರಿಗಟ್ಟುತ್ತದೆ. ಮುಟ್ಟಿನ ದಿನಗಳಲ್ಲಿ, ಬಸುರಿಯಿದ್ದಾಗ ಈ ಕೆಲಸ ಹೇಗಿರಬಹುದೆಂದು ನಮ್ಮ ಮನೆಯ ಹೆಂಗಸರನ್ನು ಕೇಳಿದರೆ ಸಾಕು.

ಮಾಲೀಕರ ವಾದ ಗೊತ್ತಿದೆ: ಕೂತರೆ ಸೋಮಾರಿತನ ಬರುತ್ತದೆ, ಗಿರಾಕಿಗೆ ಮರ್ಯಾದೆ ಕೊಟ್ಟಂತಾಗುವುದಿಲ್ಲ. ಹಾಗಾದರೆ ನಮ್ಮ ಹಳೆಯ ಜವಳಿ ಅಂಗಡಿಗಳು ನಡೆದದ್ದು ಹೇಗೆ? ಬಿಳಿ ಬಟ್ಟೆ ಹಾಸಿದ ಗಾದಿಯ ಮೇಲೆ ಶೆಟ್ಟರೂ ಕೂರುತ್ತಿದ್ದರು, ಗುಮಾಸ್ತರೂ ಕೂರುತ್ತಿದ್ದರು, ಚಪ್ಪಲಿ ಬಿಟ್ಟು ಬಂದ ಗಿರಾಕಿಯೂ ಎದುರಿಗೇ ಕೂರುತ್ತಿದ್ದ. ಥಾನು ಬಿಚ್ಚುವುದು, ಗಜ ಹಾಕುವುದು, ಚೌಕಾಸಿ ಎಲ್ಲವೂ ಕೂತಲ್ಲೇ. ಚಿಕ್ಕಪೇಟೆಯ ಸಗಟು ಅಂಗಡಿಗಳಲ್ಲಿ ಇಂದಿಗೂ ಲಕ್ಷಗಟ್ಟಲೆ ವ್ಯಾಪಾರ ಗಾದಿಯ ಮೇಲೆಯೇ ಕುದುರುತ್ತದೆ. ಆ ಅಂಗಡಿಗಳೇನೂ ಸಮಾನತೆಯ ಗುಡಿಗಳಾಗಿರಲಿಲ್ಲ, ಸಂಬಳವೂ ಅಷ್ಟಕ್ಕಷ್ಟೇ. ಆದರೂ ಒಂದು ಮಾತು ಅವು ಸಾಬೀತು ಮಾಡಿವೆ: ಕೂತರೆ ಬಟ್ಟೆ ವ್ಯಾಪಾರ ಕೆಡುವುದಿಲ್ಲ. ಗಾಜಿನ ಮಳಿಗೆ ಬಂದ ಮೇಲೆ ನಿಲ್ಲುವುದು ಕಡ್ಡಾಯವಾಯಿತು. ಅದರಿಂದ ಮಾರಾಟ ಹೆಚ್ಚುವುದಕ್ಕಿಂತ, ಯಾರು ಯಾರ ಕೈಕೆಳಗೆ ಇದ್ದಾರೆ ಎಂಬುದು ಎಲ್ಲರ ಕಣ್ಣಿಗೆ ಬೀಳುತ್ತದೆ.

ವ್ಯಾಪಾರ ನೀತಿಯೆಂದರೆ ನಮಗೆ ನೆನಪಾಗುವುದು ತೂಕ, ಅಳತೆ, ತೆರಿಗೆ, ಹೆಚ್ಚೆಂದರೆ ದಾನಧರ್ಮ. ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಆ ದುಡ್ಡಲ್ಲಿ ಊರ ಶಾಲೆಗೆ ಬೆಂಚು ಕೊಡಬಹುದು, ಫೋಟೊ ತೆಗೆಸಿಕೊಳ್ಳಬಹುದು. ಸ್ವಂತ ನೌಕರರಿಗಾಗಿ ಮಾಡಿದ ಖರ್ಚನ್ನು ಆ ಲೆಕ್ಕಕ್ಕೆ ಸೇರಿಸುವಂತಿಲ್ಲ. ಹಾಗಿರಬೇಕಾದದ್ದೇ ಸರಿ. ಕೌಂಟರಿನ ಹಿಂದೆ ಇಡುವ ಸ್ಟೂಲು ಧರ್ಮಕಾರ್ಯದ ಬಾಬ್ತಿಗೆ ಸೇರಬಾರದು, ಅಂಗಡಿ ನಡೆಸುವ ಮಾಮೂಲಿ ಖರ್ಚಿಗೆ ಸೇರಬೇಕು. ಗೋಡೆಯ ಮೇಲೆ ‘ನಾವೆಲ್ಲ ಒಂದೇ ಕುಟುಂಬ’ ಎಂದು ಬರೆಸಿದ ಸಂಸ್ಥೆ, ಆ ಕುಟುಂಬದ ಹೆಣ್ಣುಮಗಳು ಗೋಡೆಗೆ ಒರಗಿದ್ದನ್ನು ಸಿಸಿಟಿವಿಯಲ್ಲಿ ಹಿಡಿದು ಸಂಬಳ ಮುರಿದುಕೊಂಡರೆ ನಂಬಬೇಕಾದದ್ದು ಸಂಬಳದ ಚೀಟಿಯನ್ನೇ.

ಕಾನೂನು ಬಂದರೂ ತಾಪತ್ರಯ ತಪ್ಪಿದ್ದಲ್ಲ. ಮೂಲೆಯಲ್ಲಿ ಸ್ಟೂಲು ಇಟ್ಟು, ಕೂತವರನ್ನು ಮೇಲ್ವಿಚಾರಕ ಕಣ್ಣು ಬಿಟ್ಟು ನೋಡಿದರೆ ಸಾಕು, ಇನ್ಸ್‌ಪೆಕ್ಟರ್ ಪುಸ್ತಕದಲ್ಲಿ ಎಲ್ಲವೂ ಸರಿಯಿರುತ್ತದೆ, ಕೂರುವವರು ಮಾತ್ರ ಇರುವುದಿಲ್ಲ. ಆ ನೋಟ ಬದಲಾಗಬೇಕಾದರೆ ಗಿರಾಕಿಗಳಾದ ನಮ್ಮ ಪಾಲೂ ಇದೆ. ಮಾಲೀಕರು ಪ್ರತಿ ಸಲ ಮುಂದೆ ಮಾಡುವುದು ನಮ್ಮ ಹೆಸರನ್ನೇ: ‘ಗಿರಾಕಿಗಳು ಏನಂದುಕೊಳ್ಳುತ್ತಾರೆ?’ ನಾವು ಏನೂ ಅಂದುಕೊಳ್ಳುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ‘ಕೂತೇ ತೋರಿಸಮ್ಮ, ಪರವಾಗಿಲ್ಲ’ ಎನ್ನುವುದು ಒಂದು. ಬಿಲ್ಲು ಕಟ್ಟುವಾಗ ‘ಇವರಿಗೆಲ್ಲ ಸ್ಟೂಲು ಎಲ್ಲಿ ಸ್ವಾಮಿ?’ ಎಂದು ಮ್ಯಾನೇಜರನ್ನು ಕೇಳುವುದು ಇನ್ನೊಂದು. ವ್ಯಾಪಾರಿಯ ಕಿವಿ ತೀರಾ ಚುರುಕಾಗಿರುವುದು ಗಲ್ಲಾಪೆಟ್ಟಿಗೆಯ ಹತ್ತಿರ. ಈ ಮಾತು ಅಲ್ಲೇ ಆಡಿದರೆ ಒಳ್ಳೆಯದು.