ಕಿಮೋಗೆ ಮುನ್ನ ಕೇಳಲೇಬೇಕಾದ ಪ್ರಶ್ನೆ



ನನ್ನ ಅತ್ತಿಗೆಗೆ ಸ್ತನ ಕ್ಯಾನ್ಸರ್ ಎಂದು ತಿಳಿದಾಗ ಮನೆಯವರು ಅವರಿಗೆ ಹೇಳಿದ್ದು ‘ಸಣ್ಣ ಗಡ್ಡೆ’ ಎಂದಷ್ಟೇ. ರೋಗ ಎಲುಬಿಗೂ ಹರಡಿದೆ ಎಂಬ ವರದಿ ಅಣ್ಣನ ಕಪಾಟಿನಲ್ಲಿತ್ತು. ಮೂರನೇ ಕಿಮೋ ಮುಗಿಸಿ ಬಂದ ಸಂಜೆ ಅತ್ತಿಗೆ ನನ್ನ ಕೈ ಹಿಡಿದು, “ಇನ್ನೆಷ್ಟು ಕಿಮೋ ಆದರೆ ನನಗೆ ಪೂರ್ತಿ ಗುಣವಾಗುತ್ತದೆ? ನೀನಾದರೂ ನಿಜ ಹೇಳು” ಎಂದರು. ಸತ್ಯವನ್ನೇ ಹೇಳಬೇಕೆಂದು ದಿನವೂ ಮಕ್ಕಳಿಗೆ ಕಲಿಸುವ ನನಗೆ ಬಾಯಿ ಬರಲಿಲ್ಲ.

ಆ ಪ್ರಶ್ನೆಯನ್ನು ಮೊದಲ ದಿನವೇ ಅವರ ಎದುರಿನಲ್ಲೇ ವೈದ್ಯರಿಗೆ ಕೇಳಬೇಕಿತ್ತು: “ಈ ಚಿಕಿತ್ಸೆ ಯಾವುದಕ್ಕಾಗಿ?”

ಎಲುಬು, ಶ್ವಾಸಕೋಶ, ಯಕೃತ್ತು ಅಥವಾ ಮೆದುಳಿಗೆ ಹರಡಿದ ಸ್ತನ ಕ್ಯಾನ್ಸರನ್ನು ನಾಲ್ಕನೇ ಹಂತ ಎನ್ನುತ್ತಾರೆ. ಈ ಹಂತದಲ್ಲಿ ಕಿಮೋ ಸಾಮಾನ್ಯವಾಗಿ ರೋಗವನ್ನು ಬುಡಸಮೇತ ಕೀಳಲಾರದು. ರೋಗವನ್ನು ಹತೋಟಿಯಲ್ಲಿಡುವುದು, ನೋವು ಮತ್ತು ಉಸಿರಾಟದ ತೊಂದರೆ ತಗ್ಗಿಸುವುದು, ಆಯುಷ್ಯ ಹೆಚ್ಚಿಸುವುದು ಅದರ ಗುರಿ. ಇದೇನೂ ಸಣ್ಣ ಲಾಭವಲ್ಲ. ಚಿಕಿತ್ಸೆ ಫಲಿಸಿ ವರ್ಷಗಟ್ಟಲೆ ಬದುಕುವವರಿದ್ದಾರೆ. ಆದರೆ ಗುರಿ ಗೊತ್ತಿದ್ದರೆ ಮಾತ್ರ ರೋಗಿ ತನ್ನ ದಿನಗಳನ್ನು ತಾನೇ ತೀರ್ಮಾನಿಸಬಲ್ಲಳು.

ಎರಡನೆಯ ಪ್ರಶ್ನೆ: “ನನಗೆ ಈಗಲೇ ಕಿಮೋ ಬೇಕೇ?” ಗಡ್ಡೆಯ ಪರೀಕ್ಷಾ ವರದಿಯಲ್ಲಿ ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಹೆಸರುಗಳಿರುತ್ತವೆ. ಇ.ಆರ್. ಅಥವಾ ಪಿ.ಆರ್. ಪಾಸಿಟಿವ್ ಆಗಿ ಹರ್-2 ನೆಗೆಟಿವ್ ಆಗಿದ್ದರೆ, ಹೆಚ್ಚಿನವರಿಗೆ ಮೊದಲು ಕೊಡುವುದು ಹಾರ್ಮೋನ್ ತಡೆಯುವ ಔಷಧಿ ಮತ್ತು ಅದರ ಜೊತೆಯ ಮಾತ್ರೆಗಳು. ಹರ್-2 ಪಾಸಿಟಿವ್ ಆಗಿದ್ದರೆ ಟ್ರಾಸ್ಟುಜುಮ್ಯಾಬ್‌ನಂತಹ ಔಷಧಿಗಳಿವೆ. ಪಕ್ಕದ ಮನೆಯವರಿಗೆ ಕೊಟ್ಟದ್ದೇ ನಿಮಗೂ ಸರಿಹೊಂದಬೇಕೆಂದಿಲ್ಲ.

ಕಿಮೋ ಔಷಧಿ ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಕೂದಲ ಬುಡ, ಬಾಯಿಯ ಒಳಪದರ, ಎಲುಬಿನ ಮಜ್ಜೆ ಇವೂ ಅಂಥವೇ. ಆದುದರಿಂದಲೇ ಹಲವು ಔಷಧಿಗಳಲ್ಲಿ ಎರಡು ಮೂರು ವಾರಕ್ಕೆ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ. ಚಿಕಿತ್ಸೆ ನಿಂತ ಮೇಲೆ ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ ಪಡೆದವರ ಮೂತ್ರ ಒಂದೆರಡು ದಿನ ಕೆಂಪಗಿದ್ದರೆ ಅದು ರಕ್ತವೆಂದು ಗಾಬರಿಯಾಗಬೇಡಿ. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಕೈಕಾಲು ಜೋಮು ಹಿಡಿದರೆ ಸಹಿಸಿಕೊಂಡು ಕೂರಬೇಡಿ, ವೈದ್ಯರಿಗೆ ಹೇಳಿ. ಔಷಧಿಯ ಪ್ರಮಾಣವನ್ನು ಬದಲಿಸಬಹುದು.

ಒಂದು ಮಾತನ್ನು ಮಾತ್ರ ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ. ಕಿಮೋ ನಂತರ ಬಿಳಿ ರಕ್ತಕಣಗಳು ಇಳಿಯುತ್ತವೆ, ಸಾಮಾನ್ಯವಾಗಿ ಒಂದೆರಡು ವಾರಗಳೊಳಗೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರದ ಮಾತ್ರೆ ನುಂಗಿ ಬೆಳಗಾಗುವವರೆಗೆ ಕಾಯಬಾರದು. ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಸೋಂಕು ಗಂಟೆಗಳಲ್ಲಿ ಪ್ರಾಣಕ್ಕೆ ಮುಳುವಾಗಬಲ್ಲದು.

ರಮಝಾನ್‌ನಲ್ಲಿ ಕಿಮೋ ನಡುವೆಯೂ ಉಪವಾಸ ಹಿಡಿಯುವ ಸಹೋದರಿಯರನ್ನು ಕಂಡಿದ್ದೇನೆ. ವಾಂತಿ ಭೇದಿಯಿಂದ ಸೊರಗಿದ ದೇಹಕ್ಕೆ ನೀರೂ ಇಲ್ಲವಾದರೆ ಮೂತ್ರಪಿಂಡಕ್ಕೆ ಅಪಾಯ. ರೋಗಿಗೆ ವಿನಾಯಿತಿಯನ್ನು ಕೊಟ್ಟವನು ಅಲ್ಲಾಹನೇ. ಗುಣವಾಗುವ ನಿರೀಕ್ಷೆ ಇಲ್ಲದವರಿಗೆ ಫಿದ್ಯದ ದಾರಿಯೂ ಇದೆ. ಅದನ್ನು ಸ್ವೀಕರಿಸಲು ಸಂಕೋಚವೇಕೆ?

ಕೆಲವು ಸುತ್ತುಗಳ ನಂತರ ಸ್ಕ್ಯಾನ್ ಮಾಡಿ ಔಷಧಿ ಫಲಿಸಿದೆಯೇ ಎಂದು ನೋಡುತ್ತಾರೆ. ಫಲಿಸದಿದ್ದರೆ ಬದಲಿಸುತ್ತಾರೆ. ದೇಹ ತಾಳದಿದ್ದರೆ ನಿಲ್ಲಿಸುವುದೂ ಸೋಲಲ್ಲ. ನೋವು ನಿವಾರಿಸುವ ಉಪಶಾಮಕ ಆರೈಕೆಯನ್ನು ಕಿಮೋ ನಡೆಯುತ್ತಿರುವಾಗಲೇ ಕೇಳಿ ಪಡೆಯಬಹುದು.

ಕೊನೆಗೆ ಅಣ್ಣ ಮತ್ತು ನಾನು ಅತ್ತಿಗೆಯನ್ನು ಕೂರಿಸಿಕೊಂಡೇ ವೈದ್ಯರೊಡನೆ ಮಾತನಾಡಿದೆವು. ಅವರು ಅತ್ತರು. ಆಮೇಲೆ ಕಣ್ಣೊರೆಸಿ, “ಮಗಳ ನಿಕಾಹ್‌ನ ವಾರ ನನಗೆ ಕಿಮೋ ಬೇಡ, ಮುಂದೂಡಬಹುದೇ?” ಎಂದು ಕೇಳಿದರು. ವೈದ್ಯರು ಒಪ್ಪಿದರು. ಮುಚ್ಚಿಟ್ಟಿದ್ದರೆ ಆ ವಾರ ಅವರಿಗೆ ಸಿಗುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ರೋಗಿ ಇದ್ದರೆ ಒಂದು ಪುಸ್ತಕದಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಉತ್ತರ ಕೇಳುವಾಗ ಆಕೆಯನ್ನು ಕೋಣೆಯ ಹೊರಗೆ ಕೂರಿಸಬೇಡಿ.